ತಿಂಗಳಿಗೆ ಎರಡು ಸಲ ಹೊರಗಾದ ನೆಗೆಣ್ಣಿ

ಅಟ್ಟ ಖಾಲಿ ಮಾಡುವಾಗ ಮೂಲೆಯಿಂದ ಆ ಕರಿ ಕಂಬಳಿ ಉರುಳಿ ಬಿತ್ತು. ಕುರಿಯುಣ್ಣೆ, ಒಣ ಬೇವಿನೆಲೆ, ಹಳೆಯ ಧೂಳು ಎಲ್ಲ ಕೂಡಿದ ವಾಸನೆ ಮೂಗಿಗೆ ಹೊಡೆಯುತ್ತಲೇ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕಣ್ಣ ಮುಂದೆ ಬಂದು ಕೂತಳು. ಹಿತ್ತಿಲ ಕೋಣೆಯಲ್ಲಿ, ಇದೇ ಕಂಬಳಿಯ ಮೇಲೆ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು...

ಇಸವಿ ಎರಡು ಸಾವಿರದ ಆಚೀಚೆ. ಖಾನಾಪುರದ ನಮ್ಮ ಮನೆಯಲ್ಲಿ ಹೊರಗಾದ ಹೆಂಗಸು ಮೂರು ದಿನ ಒಲೆ ಮುಟ್ಟುವಂತಿರಲಿಲ್ಲ. ಹಿತ್ತಿಲ ಕೋಣೆ, ಬೇರೆ ತಾಟು, ಬೇರೆ ಕಂಬಳಿ. ನನಗೆ ಆ ಮೂರು ದಿನ ಜೈಲು, ಅವಳಿಗೆ ಅದೇ ಕಾಲೇಜು. ಪಿಯುಸಿಯಲ್ಲಿ ಎರಡು ವಿಷಯ ಫೇಲಾಗಿ ಮದುವೆಯಾಗಿ ಬಂದವಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಆ ಎರಡನ್ನೂ ಪಾಸು ಮಾಡಿಕೊಂಡು ಬೆಳಗಾವಿಯಲ್ಲಿ ನರ್ಸಿಂಗ್ ಡಿಗ್ರಿ ಓದುತ್ತೇನೆಂದು ಹಟ ಹಿಡಿದಳು. ಮನೆಗೆಲಸ ತಪ್ಪಿದ ದಿನವೇ ಪುಸ್ತಕ ಅಟ್ಟಕ್ಕೆ ಎಂದು ಅತ್ತೆ ಷರತ್ತು ಹಾಕಿದರು. ಹೊರಗಾದಾಗ ಪುಸ್ತಕ ಮುಟ್ಟಬಹುದೇ ಎಂಬ ಪ್ರಶ್ನೆ ಬಂದಾಗ ತೀರ್ಪು ಕೊಟ್ಟವರೂ ಅವರೇ. "ದೇವರ ಪುಸ್ತಕ ಮುಟ್ಟಬ್ಯಾಡ. ಇಂಗ್ಲಿಷಿಗೆ ಎಲ್ಲೀ ಮೈಲಿಗಿ?"

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ. ನಂದಗಡದ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ನಾನು. ಮುಂದೆ ಓದುತ್ತೀಯಾ ಎಂದು ನನ್ನನ್ನು ಒಬ್ಬರೂ ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. ಈಗ ಫೇಲಾದವಳು ಪುಸ್ತಕ ಹಿಡಿದು ಕೂತರೆ ಫಸ್ಟ್ ಕ್ಲಾಸಿನವಳು ಅವಳ ಪಾಲಿನ ರೊಟ್ಟಿಯನ್ನೂ ಬಡಿಯಬೇಕಿತ್ತು.

ಪರೀಕ್ಷೆ ಹತ್ತಿರ ಬಂದಂತೆ ಅವಳ ಮೂರು ದಿನ ಐದಾದವು. ಆಮೇಲೆ ಹದಿನೈದೇ ದಿನಕ್ಕೆ ಮತ್ತೆ ಕಂಬಳಿ ಹಾಸಿದಳು. ಇದು ಓದುವ ನೆಪ ಎಂದು ನನಗೆ ಗೊತ್ತಾಗಿಹೋಯಿತು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅತ್ತೆಯ ಕಿವಿಗೆ ಹಾಕಿದೆ.

"ಅತ್ತೀ, ಆಕಿ ಈ ತಿಂಗಳದಾಗ ಎರಡನೇ ಸಲ ಹೊರಗ ಕುಂತಾಳ ನೋಡ್ರಿ."

ಪುಸ್ತಕ ಅಟ್ಟಕ್ಕೆ ಹೋಗಲಿ ಎಂದೇ ಹೇಳಿದ್ದು. ಆದರೆ ಅತ್ತೆ ಗಾಬರಿಯಾದರು. ಸುಳ್ಳೇ ಹೊರಗಾಗುವ ಹೆಣ್ಣೂ ಇದ್ದಾಳೆಂದು ಅವರ ತಲೆಗೆ ಹೊಳೆಯಲೇ ಇಲ್ಲ. ಮರುದಿನ ಮೂವರೂ ಪ್ಯಾಸೆಂಜರ್ ಗಾಡಿ ಹತ್ತಿ ಬೆಳಗಾವಿಯ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವಳೊಬ್ಬಳನ್ನೇ ಒಳಗೆ ಕರೆದ ಡಾಕ್ಟರು ಬಹಳ ಹೊತ್ತಿನ ಮೇಲೆ ಹೊರಗೆ ಬಂದರು.

"ರಕ್ತ ಭಾಳ ಕಡಿಮಿ ಐತ್ರಿ. ಎರಡು ತಿಂಗಳು ಒಲಿ ಮುಂದ ಕುಂದ್ರಸಬ್ಯಾಡ್ರಿ."

ಪರೀಕ್ಷೆಗೆ ಸರಿಯಾಗಿ ಎರಡು ತಿಂಗಳಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಅಷ್ಟೂ ದಿನ ಮನೆಮಂದಿಗೆಲ್ಲ ನಾನೊಬ್ಬಳೇ ರೊಟ್ಟಿ ಬಡಿದೆ.

ಅವತ್ತು ವಾಪಸು ಬರುವಾಗ, ಗಾಡಿ ದೇಸೂರ ಸ್ಟೇಶನ್ ದಾಟುತ್ತಲೇ ಅತ್ತೆ ತೂಕಡಿಸಿದರು. ನೆಗೆಣ್ಣಿ ನನ್ನ ಪಕ್ಕಕ್ಕೆ ಸರಿದಳು. ಅತ್ತೆಗೆ ಹೇಳಿದವಳು ನಾನೇ ಎಂದು ಅವಳಿಗೆ ಗೊತ್ತಿತ್ತು. ಬೈಯುತ್ತಾಳೆಂದು ಸೆಟೆದು ಕೂತೆ.

"ಅಕ್ಕಾರ, ನನ್ನ ಪರೀಕ್ಷಾ ಮುಗೀಲಿ. ಆಮ್ಯಾಲ ನೀವು ಹೊರಗ ಕುಂದರ್ರಿ, ಒಲಿ ನಾ ನೋಡ್ಕೋತೀನಿ. ಪಿಯುಸಿ ಫಾರ್ಮ್ ನಾನ ತಂದಕೊಡ್ತೀನಿ."

"ನನಗೇನ ರೋಗ ಇಲ್ಲ," ಎಂದೆ.

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ...

ಪಾಸಾದಳು. ಡಿಗ್ರಿ ಮುಗಿಸಿ ಬೆಳಗಾವಿಯಲ್ಲೇ ಸಿಸ್ಟರ್ ಆದಳು. ಹಬ್ಬಕ್ಕೆ ಬಂದಾಗ ಅವಳ ಬಿಳಿ ಸೀರೆ ಹಿತ್ತಿಲಲ್ಲಿ ಒಣಗುವುದನ್ನು ಕಂಡರೂ ನನಗೆ ಸಂಕಟವಾಗುತ್ತಿತ್ತು. ಹೋದ ವರ್ಷ ನಾಲ್ಕೇ ದಿನದ ಜ್ವರದಲ್ಲಿ ತೀರಿಕೊಂಡಳು. ಹದಿಮೂರನೆಯ ದಿನದ ಊಟಕ್ಕೆ ಅವಳ ಕೈಕೆಳಗೆ ಕಲಿತ ನರ್ಸುಗಳು ಪಂಕ್ತಿ ಪಂಕ್ತಿ ಬಂದರು. ಆಗಲೂ, ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂದು ಲೆಕ್ಕ ಹಾಕಿದೆ. ಅವರಲ್ಲೊಬ್ಬಳು ಬಂದು ನನ್ನ ಕಾಲು ಮುಟ್ಟಿದಳು.

"ಆ ಅಕ್ಕಾರು ನೀವ ಏನ್ರಿ? ಎರಡು ತಿಂಗಳು ಒಂದೂ ಕೆಲಸ ಹಚ್ಚಲಾರದ, ಸಿಸ್ಟರನ್ನ ಓದಿಸಿದ್ರಂತ. ಎಲ್ಲಾರ ಮುಂದೂ ಹೇಳತಿದ್ರು."

ನಾನು ಹೂಂ ಎಂದೆ.

ಈಗ ಈ ಅಟ್ಟದ ಕೆಳಗೆ ನಿಂತಾಗ ಅನಿಸುತ್ತದೆ, ಅವಳ ಡಿಗ್ರಿಯ ಮೇಲಿನ ಹೊಟ್ಟೆಕಿಚ್ಚು ಎಂದೋ ತಣ್ಣಗಾಗಿದೆ. ಆದರೆ ನನ್ನ ಚಾಡಿಯನ್ನು ನನ್ನ ಉಪಕಾರವೆಂದು ಊರೆಲ್ಲ ಹೇಳಿಕೊಂಡು ತಿರುಗಿದಳಲ್ಲ, ಆ ದೊಡ್ಡ ಮನಸ್ಸಿನ ಮೇಲೆ ಹೊಟ್ಟೆ ಇನ್ನೂ ಉರಿಯುತ್ತದೆ. ಅದನ್ನು ಅವಳಿಗೆ ಹೇಳೋಣವೆಂದರೆ ಅವಳಿಲ್ಲ.