ಬಲಗಡೆಯ ಕಿವಿ

ನನ್ನ ಗಂಡನಿಗೆ ಓರೆಕೋರೆ ಕಂಡರೆ ಆಗುವುದಿಲ್ಲ. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಅವರದು. ಮೂವತ್ತು ವರ್ಷ ಅಂಚಿಗೆ ಅಂಚು ಕೂಡಿಸಿ ಮಡಚಿ ಮಡಚಿ ಕಣ್ಣೇ ಹಾಗಾಗಿಬಿಟ್ಟಿದೆ. ಹಗ್ಗದ ಮೇಲಿನ ಟವೆಲ್ ಒಂದು ಬೆರಳು ಜಾರಿದ್ದರೂ ಎದ್ದು ಹೋಗಿ ಸರಿಮಾಡಿ ಬರುತ್ತಾರೆ. ನಾನು ಬೇಕೆಂದೇ ಓರೆಯಾಗಿ ಹಾಕುತ್ತೇನೆ, ಅವರು ಮತ್ತೆ ಸರಿಮಾಡುತ್ತಾರೆ. ನಮ್ಮ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ಇಂಥವರಿಗೆ ನಾಯಿ ಬೇಕಾಯಿತು. ಮೊದಲು ಕೇಳಿದ್ದು ನಮ್ಮ ಹತ್ತು ವರ್ಷದ ಮಗಳು, ಹುಚ್ಚು ಹಿಡಿದದ್ದು ಅಪ್ಪನಿಗೆ. ಮೂರು ತಿಂಗಳು ಕಂಡಕಂಡವರನ್ನೆಲ್ಲ ಯಾವ ಜಾತಿಯ ನಾಯಿ ಒಳ್ಳೆಯದು ಅಂತ ಕೇಳಿ ತಲೆ ತಿಂದರು. ನಮ್ಮದು ಎರಡೇ ಕೋಣೆಯ ಮನೆ. ಮುಂದಿನ ಕೋಣೆ ಪೂರ್ತಿ ಅವರ ಮೇಜು, ರಟ್ಟು, ಅಂಟಿನ ಡಬ್ಬಿ. ದೊಡ್ಡ ನಾಯಿ ಬಂದರೆ ನಾವು ಬೀದಿಯಲ್ಲಿರಬೇಕು. ಕೊನೆಗೆ ಟೆರಿಯರ್ ಜಾತಿಯದೇ ಸರಿ ಅಂತ ತೀರ್ಮಾನವಾಯಿತು.

"ಪುಟ್ಟ ನಾಯಿ ಕಣೇ, ತುಂಬಾ ಚುರುಕು. ಕಾಗದದ ರಾಶಿ ಹಿಂದೆ ಸೇರ್ಕೊಂಡಿರೋ ಇಲೀನೂ ಹಿಡಿಯತ್ತೆ."

"ಅದರ ಹಿಂದೆ ಓಡೋರು ಯಾರು?"

"ನಾನಿದೀನಲ್ಲ."

ಮರಿ ಬಂತು. ಒರಟು ಕೂದಲು, ಮೋಟು ಕಾಲು. ರಟ್ಟು ಕತ್ತರಿಸಿದ ಮೇಲೆ ನೆಲದಲ್ಲಿ ಬೀಳುವ ಚೂರಿನಷ್ಟಿದೆ ಅಂತ ಮಗಳು ಅದಕ್ಕೆ ಚೂರು ಎಂದೇ ಹೆಸರಿಟ್ಟಳು. ಒಂದು ವಾರ ಸಾಧುವಾಗಿತ್ತು, ಆಮೇಲೆ ಬಾಲ ಬಿಚ್ಚಿತು. ಬಾಗಿಲ ಮುಂದೆ ಯಾರಾದರೂ ಹೋದರೆ ಬೊಗಳುತ್ತದೆ, ಯಾರೂ ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಬೊಗಳುತ್ತದೆ. ನನ್ನ ಹೂಕುಂಡಗಳನ್ನೆಲ್ಲ ತೋಡಿ ಮಣ್ಣನ್ನು ಅಡುಗೆಮನೆವರೆಗೆ ತಂದಿತು. ದಾರದ ಉಂಡೆಯನ್ನು ಬಾಯಲ್ಲಿ ಹಿಡಿದು ಕೊಂದೇ ತೀರುತ್ತೇನೆ ಅನ್ನುವ ಹಾಗೆ ಕೊಡವಿತು. ನಿಜವಾದ ಇಲಿ ಎದುರಿಗೇ ಹಾದುಹೋದಾಗ ಮಾತ್ರ ಗಾಢ ನಿದ್ದೆಯಲ್ಲಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಬೆಳಿಗ್ಗೆ ಸಂಜೆ ತಿರುಗಾಡಿಸುವುದು, ಆ ಒರಟು ಕೂದಲು ಬಾಚುವುದು, ಉಗುರು ಕತ್ತರಿಸುವುದು, ಎಲ್ಲವೂ ಅವರೇ. ಅದೂ ಅಷ್ಟೆ, ಮೇಜಿನ ಕೆಳಗೆ ಅವರ ಪಾದದ ಮೇಲೆ ತಲೆಯಿಟ್ಟೇ ಮಲಗುತ್ತಿತ್ತು. ಅದಕ್ಕೆ ಎಚ್ಚರವಾದೀತೆಂದು ಇವರು ಕಾಲು ಜೋಮು ಹಿಡಿದರೂ ಅಲ್ಲಾಡುತ್ತಿರಲಿಲ್ಲ.

ಕೆಟ್ಟದ್ದು ಕಿವಿಯಿಂದ. ಮರಿಗೆ ನಾಲ್ಕು ತಿಂಗಳಾದಾಗ ಎಡಗಿವಿ ಅಚ್ಚುಕಟ್ಟಾಗಿ ಮುಂದಕ್ಕೆ ಮಡಚಿಕೊಂಡಿತು. ಬಲಗಿವಿ ನೆಟ್ಟಗೆ ನಿಂತೇ ಇತ್ತು. ಮಗಳಿಗೆ ಅದೇ ಚೆಂದ. ಇವರಿಗೆ ಮಾತ್ರ ನೋಡಿದಾಗೆಲ್ಲ ಸರಿಮಾಡಲು ಕೈ ತುರಿಕೆ.

ಒಂದು ಭಾನುವಾರ ನಾನು, ಮಗಳು ಚಪ್ಪಲಿ ತರಲು ಹೋಗಿದ್ದೆವು. ವಾಪಸು ಬಂದರೆ ಚೂರುವಿನ ಅರಚಾಟ ಬೀದಿ ತುದಿಗೇ ಕೇಳುತ್ತಿದೆ. ಓಡಿ ಬಂದು ನೋಡುತ್ತೇನೆ, ಮಹಾನುಭಾವರು ಬಲಗಿವಿಗೆ ರಟ್ಟಿನ ಅಂಟು ಸವರಿ, ಮಡಚಿ, ಬೆರಳಲ್ಲಿ ಒತ್ತಿ ಹಿಡಿದಿದ್ದರಂತೆ. ಅದು ಕೊಸರಾಡಿದಾಗ ಗಾಬರಿಯಾಗಿ ಬಿಡಿಸಲು ಎಳೆದಿದ್ದಾರೆ. ಕೂದಲ ಜೊತೆ ಚರ್ಮವೂ ಕಿತ್ತು ಬಂದಿದೆ.

"ಹತ್ತು ನಿಮಿಷ ಹಿಡಿದ್ರೆ ಮಡಿಕೆ ಕೂರತ್ತೆ ಅಂದ್ಕೊಂಡೆ ಕಣೇ," ಎಂದರು.

"ಅದೇನು ಪುಸ್ತಕಾನೇನ್ರೀ?" ಎಂದು ಕೂಗಿದೆ. ನನ್ನ ಪಿತ್ತ ನೆತ್ತಿಗೇರಿತ್ತು.

ನಾಯಿ ಡಾಕ್ಟರಮ್ಮ ಎಣ್ಣೆ ಹಚ್ಚಿ ಅಂಟು ಬಿಡಿಸಿ, ಗಾಯ ತೊಳೆದರು. "ಹಲ್ಲು ಬರೋ ವಯಸ್ಸಲ್ಲಿ ಕಿವಿ ಏಳೋದು ಬೀಳೋದು ಇದ್ದಿದ್ದೇ. ನೀವು ಸುಮ್ನೆ ಇದ್ದಿದ್ರೆ ಸಾಕಿತ್ತು," ಎಂದರು.

ಅಂದಿನಿಂದ ಚೂರು ಅವರ ಹತ್ತಿರ ಹೋಗುವುದಿಲ್ಲ. ಅವರ ಕೈ ಕಂಡರೆ ಮಂಚದ ಕೆಳಗೆ ಸೇರುತ್ತದೆ, ಎಳೆಯಲು ಹೋದರೆ ಹಲ್ಲು ತೋರಿಸುತ್ತದೆ. ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಔಷಧಿ ಹಾಕುವುದು ನಾನು, ಬೆಳಿಗ್ಗೆ ಸಂಜೆ ಬೀದಿ ಸುತ್ತಿಸುವುದು ನಾನು, ಬಾಚುವುದು ನಾನು. ನಾಯಿಯೇ ಬೇಡ ಅಂದವಳು ನಾನು! ಸೊಂಟ ಬಿದ್ದುಹೋಗಿದೆ. ರೇಗಿದರೆ ಕೇಳಿಸಿಕೊಳ್ಳಲಾದರೂ ಒಬ್ಬರು ಬೇಡವೇ? ನಾಯಿ ಅಂಟಿನ ವಾಸನೆಗೇ ಹೆದರುತ್ತದೆ ಅಂತ ಇವರು ಬಚ್ಚಲಲ್ಲಿ ನಿಂತು ಕೈಗೆ ಸೋಪು ತಿಕ್ಕುತ್ತಿರುತ್ತಾರೆ. ಮೂವತ್ತು ವರ್ಷದ ಅಂಟಿನ ವಾಸನೆ ಸೋಪಿಗೆ ಹೋಗುತ್ತದೆಯೇ? ಎರಡು ದಿನ ಕೆಲಸವನ್ನೇ ಬಿಟ್ಟು ನೋಡಿದರು. ಶಾಲೆಯವರು ಹಾಜರಿ ಪುಸ್ತಕ ಎಲ್ಲಿ ಅಂತ ಬಾಗಿಲು ಬಡಿದರು, ನಾಯಿ ಮಂಚದ ಕೆಳಗಿಂದಲೇ ಬೊಗಳಿತು.

ಮೂರನೆಯ ವಾರ ಗಾಯ ಮಾಯಿತು. ಬಲಗಿವಿ ತನ್ನಷ್ಟಕ್ಕೆ ತಾನೇ ಮಡಚಿಕೊಂಡಿತು, ಎಡಗಿವಿಗೆ ಸರಿಸಮನಾಗಿ. "ನೋಡ್ರೀ, ಈಗ ಎರಡೂ ಒಂದೇ ಥರ ಇದೆ," ಎಂದೆ. ಅವರು ನೋಡದೆ ಒಳಗೆ ಹೋದರು.

ನಿನ್ನೆ ಸಂಜೆ ಮುಗಿಯದ ಕೆಲಸಕ್ಕೆ ಬೈಯೋಣವೆಂದು ಮುಂದಿನ ಕೋಣೆಗೆ ಹೋದೆ. ಅವರು ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು, ಎರಡೂ ಕೈ ಬೆನ್ನ ಹಿಂದೆ. ಚೂರು ಬಂದು ಅವರ ಮೊಣಕಾಲು ಮೂಸಿತು. ಮೂಸಿ, ತೊಡೆಗೆ ಒರಗಿ ಕೂತಿತು. ಅವರು ಮೆಲ್ಲಗೆ ಒಂದು ಕೈ ಮುಂದೆ ತಂದರು. ಅದು ಚಂಗನೆ ಹಾರಿ ಬಾಗಿಲಿಗೆ ಓಡಿತು. ಕೈ ಮತ್ತೆ ಬೆನ್ನ ಹಿಂದೆ ಹೋಯಿತು. ಬಹಳ ಹೊತ್ತಿನ ಮೇಲೆ ನಾಯಿ ತಿರುಗಿ ಬಂದು ಅಲ್ಲೇ ಒರಗಿತು.

"ಏನೇ, ಇಲ್ಲಿ ಬಾ, ಸದ್ದು ಮಾಡ್ಬೇಡ," ಎಂದರು. "ಅದರ ಕತ್ತಿನ ಹಿಂದೆ ಸ್ವಲ್ಪ ಕೆರಿ. ಅಲ್ಲಿ ಕೆರೆದ್ರೆ ಅದಕ್ಕೆ ತುಂಬಾ ಇಷ್ಟ."

ಬೈಯಲು ಬಂದವಳು ಅವರ ಪಕ್ಕದಲ್ಲಿ ಕೂತು ಕೆರೆದೆ.

"ಅಲ್ಲಲ್ಲ," ಎಂದರು ಅವರು, ಕೈ ಬೆನ್ನ ಹಿಂದೆಯೇ ಇತ್ತು, "ಇನ್ನೊಂಚೂರು ಕೆಳಗೆ."