ಪೀಪಾಯಿ ಹಬ್ಬದಲ್ಲಿ ಒಂದು ನಿಂಬೆಹಣ್ಣು

ಒಂದು ಕಡೆ ಕೂತು ನೋಡುವ ಹಬ್ಬಗಳು ನನಗೆ ಆಗಿಬರುವುದಿಲ್ಲ. ಆ ದಿನವಂತೂ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಅದು ನಮ್ಮ ಬೀಗರ ಕಡೆಯವರ ಪೀಪಾಯಿ ಹಬ್ಬ. ಅವರ ಹಿರಿಯರು ಇಟಲಿಯ ಯಾವುದೋ ಗುಡ್ಡದೂರಿನಿಂದ ಮೇರಿಲ್ಯಾಂಡಿಗೆ ಬಂದು ಮೂರು ತಲೆಮಾರಾಯಿತು. ಊರು ಬಿಟ್ಟರೂ ಊರಿನ ಜಗಳ ಬಿಟ್ಟಿಲ್ಲ. ಅಲ್ಲಿಯ ನಾಲ್ಕು ಕೇರಿಗಳ ಹೆಸರಿನಲ್ಲಿ ಇಲ್ಲೂ ನಾಲ್ಕು ಪಂಗಡ ಮಾಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ತಮ್ಮ ಚರ್ಚಿನ ಮುಂದಿನ ಏರುರಸ್ತೆಗೆ ಕಾರು ಬಾರದಂತೆ ತಡೆ ಹಾಕಿ, ಖಾಲಿ ವೈನ್ ಪೀಪಾಯಿಗಳನ್ನು ಅಡ್ಡ ಮಲಗಿಸಿ, ಕೇರಿಗೆ ಇಬ್ಬರಂತೆ ಅವನ್ನು ಗುಡ್ಡದ ತುದಿಯವರೆಗೆ ಉರುಳಿಸುತ್ತಾರೆ. ಗೆದ್ದ ಕೇರಿಯವರು ಮುಂದಿನ ಹಬ್ಬದವರೆಗೂ ಮೀಸೆ ತಿರುವಿಕೊಂಡು ಓಡಾಡಬಹುದು.

ಕೋವಿಡ್‌ನಿಂದ ನಿಂತಿದ್ದ ಹಬ್ಬ 2022ರಲ್ಲಿ ಮತ್ತೆ ಶುರುವಾಯಿತು. ನನ್ನ ಮಗಳು ಗಂಡನ ಜೊತೆ ತಾನೇ ಪೀಪಾಯಿ ತಳ್ಳುತ್ತೇನೆಂದು ಹೆಸರು ಕೊಟ್ಟಳು. ಹಿಂದಿನ ವರ್ಷ ಅದೇ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವಳು ಅವಳು. ಮನೆಗೆ ಬಂದ ಮೇಲೂ ಎಷ್ಟೋ ದಿನ ಮಹಡಿ ಹತ್ತುವಾಗ ನಡುವೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಈಗ ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟಕ್ಕೇ ಸುಮ್ಮನಾಗಲು ನಾನೇನು ಪಕ್ಕದ ಮನೆಯವಳೇ?

“ಆ ಪೀಪಾಯಿ ತಳ್ಳದಿದ್ರೆ ನಿನ್ನ ಗಂಟೇನು ಹೋಗತ್ತೆ?” ಎಂದು ಫೋನಿನಲ್ಲಿ ರೇಗಿದೆ.

“ಅಮ್ಮಾ, ಎಲ್ಲರೂ ನನ್ನ ಪೇಷೆಂಟ್ ತರ ನೋಡ್ತಾರೆ. ನಂಗೆ ಒಂದ್ಸಲ ಮೇಲಿನ ತನಕ ಹೋಗ್ಬೇಕು. ದಟ್ಸ್ ಇಟ್,” ಎಂದಳು.

ನಾವಿರುವ ರಾಕ್‌ವಿಲ್‌ನಿಂದ ಅಲ್ಲಿಗೆ ಹೋಗುವಾಗ ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿದೆ. ನಮ್ಮ ಮನೆಯವರು ಬಾಯಿ ಬಿಡದೆ ಡ್ರೈವ್ ಮಾಡುತ್ತಿದ್ದರು. ಮಧ್ಯಾಹ್ನ ಮೆರವಣಿಗೆ ಹೊರಟಿತು. ಪ್ಲಂಬರು, ಹಲ್ಲಿನ ಡಾಕ್ಟರು, ಸ್ಕೂಲ್ ಬಸ್ಸಿನ ಡ್ರೈವರು ಎಲ್ಲರೂ ಹಳೆಯ ಕಾಲದ ದೊರೆಗಳಾಗಿ, ಮಖಮಲ್ಲಿನ ನಿಲುವಂಗಿಯೊಳಗೆ ಬೆವರುತ್ತ ನಡೆದರು. ಡೋಲು ಬಡಿಯುವವರ ಹಿಂದೆ ಹುಡುಗಿಯರು ಬಾವುಟಗಳನ್ನು ಆಕಾಶಕ್ಕೆ ಎಸೆದು ಹಿಡಿಯುತ್ತಿದ್ದರು. ರಾಣಿಯ ವೇಷದಲ್ಲಿದ್ದ ಬೀಗಿತ್ತಿ ನನ್ನ ರೇಷ್ಮೆ ಸೀರೆ ನೋಡಿ, ನೀವು ಪರದೇಶದ ರಾಣಿ, ನನ್ನ ಪಕ್ಕದಲ್ಲೇ ನಡೆಯಿರಿ ಎಂದರು. ನಡೆದೆ. ಆದರೆ ನನ್ನ ಕಣ್ಣು ರಸ್ತೆಯ ಏರಿನ ಮೇಲೇ ಇತ್ತು. ಎಷ್ಟು ಸಲ ನೋಡಿದರೂ ಅದು ತಗ್ಗಲಿಲ್ಲ.

ಪೀಪಾಯಿಗಳನ್ನು ಗೆರೆಯ ಮೇಲೆ ಇಟ್ಟರು. ಪಾದ್ರಿಗಳು ಬಂದು ಒಂದೊಂದಕ್ಕೂ ಪವಿತ್ರ ನೀರು ಚಿಮುಕಿಸಿ ಮಂತ್ರ ಹೇಳಿದರು. ತಳ್ಳುವವರೆಲ್ಲ ಎರಡು ಹೆಜ್ಜೆ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ಆಗ ನಮ್ಮ ಮನೆಯವರು ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ಒಳಗೆ ಹೋದರು.

ಅವರ ವಿಷಯ ಇಲ್ಲಿ ಹೇಳಬೇಕು. ಔಷಧಗಳನ್ನು ಪರೀಕ್ಷಿಸುವ ಸರ್ಕಾರಿ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಪುರಾವೆ ಇಲ್ಲದೆ ಶುಂಠಿ ಕಷಾಯವನ್ನೂ ನಂಬುವವರಲ್ಲ. ಆದರೆ ಹೊಸ ಕಾರು ಕೊಂಡಾಗಲೆಲ್ಲ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಜಜ್ಜಿಸದೆ ಮನೆಗೆ ತಂದವರೂ ಅಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಾನು ಅಣಕಿಸಿದರೆ “ಅದು ಬೇರೆ ಕಣೆ” ಎನ್ನುತ್ತಾರೆ.

ಪೂಜೆ ನಡೆಯುತ್ತಿದೆ, ನಮ್ಮದೂ ಒಂದು ಇರಲಿ ಎಂದು ಅವರಿಗೆ ಅನ್ನಿಸಿರಬೇಕು. ಜೇಬಿನಿಂದ ನಿಂಬೆಹಣ್ಣು ತೆಗೆದು, ಬಗ್ಗಿ, ಮಗಳ ಪೀಪಾಯಿಯ ಮುಂದೆ ಇಟ್ಟರು. ಏಳುವಾಗ ಆಸರೆಗೆಂದು ಪೀಪಾಯಿಯ ಮೇಲೆ ಕೈಯೂರಿದರು. ಅದು ಒಂದಿಷ್ಟು ಅಲುಗಿತು.

ತೀರ್ಪುಗಾರ ಮುದುಕ ಕೆಂಪು ಬಾವುಟ ಎತ್ತಿಬಿಟ್ಟ. ಪಾದ್ರಿಗಳು ಹರಸಿದ ಮೇಲೆ ಗಂಟೆ ಬಾರಿಸುವವರೆಗೆ ಪೀಪಾಯಿಯನ್ನು ಯಾರೂ ಮುಟ್ಟಕೂಡದು, ಮುಟ್ಟಿದರೆ ಆ ಕೇರಿ ಸ್ಪರ್ಧೆಯಿಂದ ಹೊರಗೆ. ಹಳೆಯ ಊರಿನಿಂದ ಬಂದ ಕಟ್ಟಳೆಯಂತೆ. ಅಳಿಯ ಬೇಡಿಕೊಂಡ, ಬೀಗಿತ್ತಿ ಕೂಗಾಡಿದರು. ಮುದುಕ ಜಪ್ಪಯ್ಯ ಅನ್ನಲಿಲ್ಲ.

“ಸುಮ್ನೆ ಒಂದು ಸೇಫ್ಟಿಗೆ ಅಂತ ಇಟ್ಟೆ ಕಣೆ. ಅವಳಿಗೇನಾದ್ರೂ ಆದ್ರೆ ಅಂತ,” ಎಂದರು ನಮ್ಮವರು. ನನ್ನಷ್ಟೇ ಅವರೂ ಹೆದರಿದ್ದರೆಂದು ನನಗೆ ಗೊತ್ತಾಗಿದ್ದೇ ಆಗ.

ಬೈಯಬೇಕಿತ್ತು, ಬೈಯಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಇನ್ನು ಅವಳು ಓಡಬೇಕಾಗಿಲ್ಲ. ಮುಖ ಗಂಟಿಕ್ಕಿಕೊಳ್ಳಲು ನೋಡಿದೆ. ಮಗಳು ನೇರ ನನ್ನೆದುರಿಗೆ ಬಂದು ನಿಂತಳು.

“ನಿಂಗೆ ಖುಷಿ ಆಯ್ತಲ್ವಾ?” ಎಂದಳು. ನಾನು ಸೆರಗು ಸರಿಮಾಡಿಕೊಂಡೆ. ಅವಳು ಅತ್ತಳು, ಕೋಪಕ್ಕೆ.

ಉಳಿದ ಮೂರು ಪೀಪಾಯಿಗಳು ಗಡಗಡ ಸದ್ದು ಮಾಡುತ್ತ ಮೇಲೆ ಹೋದವು. ಯಾರೋ ಗೆದ್ದರು, ಹಾಡು ಶುರುವಾಯಿತು. ಜನ ರಸ್ತೆಗೆ ಇಳಿಯುವ ಹೊತ್ತಿಗೆ ಮಗಳು ಗೆರೆಯ ಮೇಲೇ ಉಳಿದಿದ್ದ ತನ್ನ ಪೀಪಾಯಿಯ ಹಿಂದೆ ಹೋಗಿ ನಿಂತಳು. ಅಳಿಯ ಪಕ್ಕಕ್ಕೆ ಬಂದು ಸೇರಿದ. ಇಬ್ಬರೂ ತಳ್ಳತೊಡಗಿದರು. ತೀರ್ಪುಗಾರ ನೋಡಿಯೂ ನೋಡದವನಂತೆ ಆಚೆ ತಿರುಗಿಕೊಂಡ. ಜನ ದಾರಿ ಬಿಟ್ಟರು.

ನಾನು ಸೀರೆಯ ನಿರಿಗೆ ಎತ್ತಿ ಹಿಡಿದು ಪಕ್ಕದಲ್ಲೇ ಓಡಿದೆ. ಬೀಗಿತ್ತಿಯೂ ಕಿರೀಟ ಕೈಯಲ್ಲಿ ಹಿಡಿದು ಹಿಂದೆಯೇ ಬಂದರು. ಮೊದಲ ತಿರುವು ದಾಟಿತು. ಚರ್ಚಿನ ಗೋಡೆಯ ಹತ್ತಿರ, ರಸ್ತೆ ಎಲ್ಲಕ್ಕಿಂತ ಕಡಿದಾಗಿರುವ ಕಡೆ, ಮಗಳು ನಿಂತುಬಿಟ್ಟಳು. ಅಳಿಯ ಭುಜ ಕೊಟ್ಟು ಪೀಪಾಯಿ ಹಿಂದೆ ಜಾರದಂತೆ ಹಿಡಿದುಕೊಂಡ. ಅವಳ ತುಟಿ ಬಿಳುಚಿಕೊಂಡಿತ್ತು. ಮೆಟ್ಟಿಲ ಮೇಲೆ ಕೂತಾಗ ಬರುತ್ತಿದ್ದ ಅದೇ ಏದುಸಿರು.

ಬೀಗಿತ್ತಿ ನನ್ನ ಮುಂಗೈ ಹಿಡಿದು ಇಂಗ್ಲಿಷಿನಲ್ಲಿ, ಸಾಕು ಅನ್ನಿ, ನೀವು ತಾಯಿ, ನಿಮ್ಮ ಮಾತನ್ನು ಅವಳು ಮೀರುವುದಿಲ್ಲ ಎಂದರು.

ಮಗಳಿಗೂ ಅದು ಕೇಳಿಸಿತು. ನನ್ನನ್ನೇ ನೋಡಿದಳು. ಸಾಕು ಎಂದರೆ ಅವಳು ನಿಜವಾಗಿಯೂ ಬಿಟ್ಟುಬಿಡುತ್ತಿದ್ದಳು, ಅಷ್ಟು ದಣಿದಿದ್ದಳು. ಆ ಮಾತು ಬೆಳಗಿನಿಂದ ನನ್ನ ನಾಲಗೆಯ ತುದಿಯಲ್ಲೇ ಇತ್ತು.

“ಉಸಿರು ತಗೊಂಡ್ಯಾ?” ಎಂದು ಕೇಳಿದೆ.

ತಲೆಯಾಡಿಸಿದಳು.

“ಹಾಗಾದ್ರೆ ತಳ್ಳು,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳು ನನಗೆ ಬೆನ್ನು ತಿರುಗಿಸಿ, ಪೀಪಾಯಿಗೆ ಎರಡೂ ಕೈ ಕೊಟ್ಟಳು.