ಎಲ್ಲರಿಗೂ ಒಪ್ಪುವ ದಿನ

ಟ್ರಿನಿಡಾಡಿನ ನಮ್ಮ ಓಣಿಯಲ್ಲಿ ಯಾರಿಗೇ ಸಮುದ್ರ ನೋಡುವ ಮನಸ್ಸಾದರೂ ಮೊದಲು ಹೋಗುತ್ತಿದ್ದದ್ದು ಜಗರೂಪ್ ಕಾಕಾನ ಮನೆಗೆ. ಕಾಕಾ ಚಗ್ವಾನಸ್ ಪೇಟೆಗೆ ಮ್ಯಾಕ್ಸಿ, ಅಂದರೆ ಬಾಡಿಗೆ ವ್ಯಾನು, ಓಡಿಸುತ್ತಿದ್ದರು. ರಜೆ ಬಂದರೆ ಅದೇ ವ್ಯಾನಿನಲ್ಲಿ ಓಣಿಯವರನ್ನು ತುಂಬಿಕೊಂಡು ಬೆಳಿಗ್ಗೆ ಮಯಾರೊ ತೀರಕ್ಕೆ ಹೊರಟರೆ ವಾಪಸು ಸಂಜೆಗೆ.

ಹೊರಡುವ ಮೊದಲು ಪ್ರತಿ ಮನೆಯ ಗೇಟಿನ ಮುಂದೆ ನಿಂತು ಯಾರು ಏನು ತಿನ್ನುವುದಿಲ್ಲ ಎಂದು ವಿಚಾರಿಸುವುದು ಅವರ ಕ್ರಮ. ಟೈಲರ್ ಶಫೀಕ್ ಬರುವುದರಿಂದ ಹಂದಿ ಇಲ್ಲ. ಕಾಕಾನ ಮನೆಯವರಿಂದಾಗಿ ದನ ಇಲ್ಲ. ಓಣಿಯ ತುದಿಯಲ್ಲಿದ್ದ ಎರ್ಮಿನ್ ಆಂಟಿ, ನಮ್ಮೆಲ್ಲರ ಬಾಯಲ್ಲಿ ಟ್ಯಾಂಟಿ, ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಭೆಯವರು, ಅವರಿಗೆ ಏಡಿ, ಸಿಗಡಿಯೂ ಆಗದು. ಕಡೆಗೆ ತೊಗರಿಕಾಳು, ಕೋಳಿ ಹಾಕಿದ ಪೆಲಾವ್ ಒಂದೇ ಉಳಿಯುತ್ತಿತ್ತು. ಯಾರಿಗೂ ಬೇಸರವಿರಲಿಲ್ಲ. ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣಬೇಕು ಎನ್ನುವುದು ಕಾಕಾನ ದೊಡ್ಡ ಆಸೆ, ಅದು ನಡೆಯುತ್ತಿತ್ತು.

ಟ್ಯಾಂಟಿ ಹುಟ್ಟಿದ್ದು ಟೊಬೆಗೊ ದ್ವೀಪದ ಶಾರ್ಲಟ್‌ವಿಲ್‌ನಲ್ಲಿ. ಚಿಕ್ಕ ಹುಡುಗಿಯಾಗಿದ್ದಾಗ ಯಾರದೋ ಮನೆಗೆಲಸಕ್ಕೆಂದು ಟ್ರಿನಿಡಾಡಿಗೆ ಕಳಿಸಿದ್ದರು. ಹಡಗಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದರಂತೆ. ಆಮೇಲೆ ಒಬ್ಬರೇ ಹಡಗು ಹತ್ತುವ ಧೈರ್ಯ ಬರಲಿಲ್ಲ. ಮಯಾರೊದಲ್ಲಿ ನೀರಿಗೆ ಕಾಲಿಟ್ಟಾಗಲೆಲ್ಲ ಅವರದು ಒಂದೇ ಮಾತು. "ಇದು ಮಣ್ಣು ನೀರು. ನಮ್ಮೂರ ದಾರಿಯಲ್ಲಿ ಒಂದು ತಿರುವು ಬರ್ತದೆ, ಅಲ್ಲಿಂದ ಕೆಳಗೆ ನೋಡಿದ್ರೆ ನಮ್ಮ ಕೊಲ್ಲಿ ಪೂರಾ ಕಾಣ್ತದೆ. ಅದನ್ನ ಇನ್ನೊಂದು ಸಲ ನೋಡ್ಬೇಕು."

ಒಂದು ಸಲ ಹೀಗೆ ಅಂದಾಗ ಕಾಕಾ ಕೈಲಿದ್ದ ತಟ್ಟೆ ಕೆಳಗಿಟ್ಟು, "ಹೋಗೋಣ ಟ್ಯಾಂಟಿ. ಇಡೀ ಓಣಿ ಹೋಗೋಣ," ಅಂದರು.

"ಏಡಿ ಸಾರಿಗೆ ಹೆಸರಾದ ಊರಿಗೆ ಹೋಗಿ ಏಡಿ ತಿನ್ನದೆ ಬರೋದಾ? ನಮ್ಮ ದೇವರಿಗೆ ನನ್ನ ಮೇಲೆ ಏನೋ ಹಗೆ ಕಣೋ," ಎಂದು ಟ್ಯಾಂಟಿ ನಕ್ಕರು. ಆದರೆ ಮರುದಿನವೇ ಚರ್ಚಿಗೆ ಹಾಕುವ ಟೋಪಿಯನ್ನು ಒಗೆದು ಬಿಸಿಲಿಗಿಟ್ಟಿದ್ದನ್ನು ನಾವೆಲ್ಲ ನೋಡಿದೆವು.

ಟೊಬೆಗೊ ಮಯಾರೊದಂತಲ್ಲ. ಹಡಗು ಹತ್ತಬೇಕು, ಎರಡು ಮೂರು ರಾತ್ರಿ ಉಳಿಯಬೇಕು. ಕಾಕಾ ದಿನ ಹುಡುಕಲು ಕೂತರು. ವಾರದ ಕೊನೆಗೆ ಹೋಗೋಣವೆಂದರೆ ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ಹೊತ್ತು ಮುಳುಗುವವರೆಗೆ ಟ್ಯಾಂಟಿಗೆ ದೇವರ ಹೊತ್ತು. ಶಾಲೆಯ ದೊಡ್ಡ ರಜೆಯಲ್ಲಿ ಶಫೀಕ್ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತ ತಲೆ ಎತ್ತುವಂತಿಲ್ಲ. ಈಸ್ಟರ್ ರಜೆಗೆ ಹೋಗೋಣವೆಂದರೆ ರಂಜಾನ್ ಬಂತು. ಕಾರ್ತಿಕದಲ್ಲಿ ಕಾಕಾನ ಹೆಂಡತಿ ಕಲೌತಿ ಕಾಕಿಯ ವ್ರತ. ಡಿಸೆಂಬರಿನಲ್ಲಿ ಟ್ಯಾಂಟಿಯದೇ ಕ್ರಿಸ್ಮಸ್ ಕೇಕಿನ ಕೆಲಸ.

"ಶನಿವಾರ ನಾನು ಅಲ್ಲಿಯ ಚರ್ಚಲ್ಲಿ ಕೂತಿರ್ತೀನಪ್ಪ. ನೀವು ಈಜಾಡ್ಕೊಳ್ಳಿ," ಅಂದರು ಟ್ಯಾಂಟಿ.

"ನಿಮ್ಮನ್ನ ಒಂದು ಕಡೆ ಬಿಟ್ಟು ನಾವು ಈಜಾಡೋದಾ? ಆಗೋದಿಲ್ಲ."

"ನನ್ನ ಬಿಟ್ಟು ಹೋಗಿ ಕಾಕಾ," ಅಂದ ಶಫೀಕ್. "ನನಗೆ ನೀರು ಕಂಡ್ರೇ ಆಗೋದಿಲ್ಲ. ಮಯಾರೊಗೆ ಬರೋದೂ ನಿಮ್ಮ ಬಾಯಿಗೆ ಹೆದರಿ."

"ನಿನ್ನ ಬಿಟ್ರೆ ಅದು ಓಣಿ ಹೇಗಾಗ್ತದೆ? ಅರ್ಧ ಓಣಿ."

ಕಲೌತಿ ಕಾಕಿಗೆ ರೇಗಿತು. "ಇವರಿಗೆ ಊರೆಲ್ಲ ಹತ್ತಿದ ಮೇಲೇ ವ್ಯಾನು ಹೊರಡ್ಬೇಕು. ನನ್ನ ವ್ರತ ನಾನು ಎಲ್ಲಿ ಬೇಕಾದ್ರೂ ಮಾಡ್ತೀನಿ, ಆ ಮುದುಕಿನ ಮೊದಲು ಕರ್ಕೊಂಡು ಹೋಗ್ರೀ." ಕಾಕಾ ಕೇಳಲಿಲ್ಲ. ಮುಂದಿನ ವರ್ಷ ಎಲ್ಲ ಕೂಡಿ ಬರುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು.

ನಾನು ಕಾಲೇಜು ಮುಗಿಸಿದ ವರ್ಷ ಟ್ಯಾಂಟಿಯ ಚರ್ಚಿನವರು ಟೊಬೆಗೊಗೆ ಹೊರಟರು. ಟ್ಯಾಂಟಿ ಹೆಸರು ಕೊಟ್ಟು ಬಂದರು, ಅದನ್ನು ಹೇಳಲು ತಾವೇ ಕಾಕಾನ ಗೇಟಿಗೆ ಬಂದರು. ಕಾಕಾ ಮ್ಯಾಕ್ಸಿ ತೊಳೆಯುತ್ತಿದ್ದರು. ಪೈಪು ನಿಲ್ಲಿಸಲಿಲ್ಲ.

"ಚರ್ಚಿನವರ ಜತೆ ಹೋಗ್ತೀರಾ? ಹೋಗಿ, ಹೋಗಿ. ಹಾಗಾದ್ರೆ ನಾವ್ಯಾರು?"

"ಅಯ್ಯೋ, ನೀನು ಯಾರು ಅಂತ ಗೊತ್ತಿಲ್ವೇನೋ ನನಗೆ?"

"ಇಷ್ಟು ವರ್ಷದಿಂದ ದಿನ ಹುಡುಕ್ತಾ ಇದೀನಿ. ಇನ್ನೊಂದು ವರ್ಷ ಕಾಯೋಕಾಗೋದಿಲ್ಲ ನಿಮಗೆ."

ಟ್ಯಾಂಟಿ ತಿರುಗಿ ಮನೆಗೆ ಹೋದರು. ಹೆಸರು ತೆಗೆಸಿದರು. ಕಾಕಾಗೆ ಇದು ತಿಳಿದಾಗ ಎಷ್ಟು ಖುಷಿಯಾಯಿತೆಂದರೆ, ಅಂದು ಸಂಜೆ ಕಡಲೆ ಪಲ್ಯ ತುಂಬಿದ ಬಿಸಿ ಡಬಲ್ಸ್ ರೊಟ್ಟಿ ಕಟ್ಟಿಸಿಕೊಂಡು ಅವರ ಮನೆಗೆ ಕೊಟ್ಟು ಬಂದರು.

ಆಮೇಲೆ ಟ್ಯಾಂಟಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಕೇಕಿನ ತಟ್ಟೆಯನ್ನು ಮೇಜಿನ ಅಂಚಿಗಿಟ್ಟು ಬೀಳಿಸಿದರು. ಕನ್ನಡಕ ಹಳತಾಯಿತೆಂದುಕೊಂಡೆವು. ಕಣ್ಣಿನೊಳಗಿನ ಒತ್ತಡ ಬಹಳ ಕಾಲದಿಂದ ನರವನ್ನು ತಿಂದಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಉಳಿದದ್ದೂ ಬೇಗ ಹೋಯಿತು. ಕಡೆಗೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು.

ಕಾಕಾ ಆಗ ಯಾರ ಗೇಟಿಗೂ ಹೋಗಲಿಲ್ಲ. ವಾರದ ನಡುವೆ, ಯಾವ ಹಬ್ಬವೂ ಅಲ್ಲದ ದಿನ, ಕಾಕಿಯನ್ನೂ ಟ್ಯಾಂಟಿಯನ್ನೂ ಕೂರಿಸಿಕೊಂಡು ಮ್ಯಾಕ್ಸಿಯನ್ನು ಹಡಗಿಗೆ ಏರಿಸಿದರು. ಟ್ಯಾಂಟಿಯ ಕೈ ಹಿಡಿಯಲು ಒಬ್ಬರು ಬೇಕೆಂದು ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಹಾಕಿ ಹೋದೆ. ಇಷ್ಟು ಸುಲಭವಿತ್ತು. ಇಷ್ಟು ಸುಲಭವಿತ್ತಲ್ಲ ಎಂದು ಹಡಗಿನ ಕಟಕಟೆ ಹಿಡಿದು ಕಾಕಾ ಮತ್ತೆ ಮತ್ತೆ ಅನ್ನುತ್ತಿದ್ದರು.

ಟ್ಯಾಂಟಿಗೆ ಈ ಸಲ ವಾಂತಿಯಾಗಲಿಲ್ಲ. ಇಳಿದ ಮೇಲೆ ಕಡಲ ಅಂಚಿನ ರಸ್ತೆಯಲ್ಲಿ ಬಹಳ ಹೊತ್ತು ಸಾಗಿ ಬೆಟ್ಟ ಹತ್ತಿದೆವು. ಗಾಡಿ ಇಳಿಜಾರಿಗೆ ತಿರುಗಿದ್ದೇ ಟ್ಯಾಂಟಿ ಮುಂದಿನ ಸೀಟನ್ನು ಬಡಿದರು. "ನಿಲ್ಸು! ಇದೇ ತಿರುವು. ಹೇಳು ಜಗರೂಪ್, ಏನು ಕಾಣ್ತದೆ?"

"ಸಮುದ್ರ, ಟ್ಯಾಂಟಿ."

"ಸಮುದ್ರ ಅಂತ ನನಗೂ ಗೊತ್ತು ಕಣೋ. ಬಣ್ಣ?"

"ನೀಲಿ."

"ಯಾವ ನೀಲಿ?"

ಕಾಕಾ ಕೆಳಗೆ ನೋಡಿದರು. ಅಂಚಿಗೆ ಹಸಿರು, ನಡುವೆ ಒಂದು ನೀಲಿ, ಆಚೆಗೆ ಇನ್ನೊಂದು.

"ಓಣಿಯವರ ಹಬ್ಬ, ವ್ರತ ಎಲ್ಲ ಬಾಯಿಪಾಠ. ಒಂದು ಬಣ್ಣ ಹೇಳೋಕೆ ಬರೋದಿಲ್ವಾ?" ಟ್ಯಾಂಟಿ ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು.

ಕಾಕಾ ಸ್ಟಿಯರಿಂಗ್ ಮೇಲೆ ಹಣೆಯಿಟ್ಟರು. "ಅವತ್ತು ಚರ್ಚಿನವರ ಜತೆ ನಿಮ್ಮನ್ನ ಕಳಿಸ್ಬೇಕಾಗಿತ್ತು."

ಪರವಾಗಿಲ್ಲ ಬಿಡು ಅನ್ನುತ್ತಾರೆಂದು ನಾನು ಕಾದೆ. ಕಾಕಿಯೂ ಕಾದರು.

"ಹೌದು," ಅಂದರು ಟ್ಯಾಂಟಿ. "ಕಳಿಸ್ಬೇಕಾಗಿತ್ತು."

ಆಮೇಲೆ ಮುಂದಿನ ಸೀಟನ್ನು ತಟ್ಟಿ, "ಗಾಡಿ ಇಳ್ಸು. ನೀರಿಗೆ ಕಾಲಾದ್ರೂ ಇಡ್ತೀನಿ," ಅಂದರು.

ತೀರದಲ್ಲಿ ಅವರು ನನ್ನ ಕೈಯನ್ನೂ ಬಿಟ್ಟು ಮರಳಿನಲ್ಲಿ ಒಬ್ಬರೇ ನಡೆದರು. ಕಾಕಾ ಬೂಟು ಕಳಚಲೂ ಮರೆತು ಒಂದು ಹೆಜ್ಜೆ ಹಿಂದೆ, ಎಲ್ಲಿ ಮುಗ್ಗರಿಸುತ್ತಾರೋ ಎಂದು ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಮೊಳಕಾಲುದ್ದದ ನೀರಿನವರೆಗೆ ಹೋದರು.